ನಾಯಕರ ಕೇಸ್ ವಾಪಸ್, ನಮ್ಮ ಕೋರ್ಟ್ ವಾಯಿದೆ ಹಾಗೇ: ಇದು ಸರೀನಾ?

ಪಾಲಿಬೆಟ್ಟ ರೈಟರ್:
ಎಲ್ರಿಗೂ ನಮಸ್ಕಾರ. ಒಂದು ವಿಷಯ ಇಲ್ಲಿ ಇಡ್ತಿದ್ದೀನಿ, ದಯವಿಟ್ಟು ಪಾರ್ಟಿ ಜಗಳ ಮಾಡ್ಬೇಡಿ. 2024ರ ಅಕ್ಟೋಬರಲ್ಲಿ ಈಗಿನ ಕಾಂಗ್ರೆಸ್ ಸರ್ಕಾರ 43 ಕ್ರಿಮಿನಲ್ ಕೇಸ್ ವಾಪಸ್ ತಗೊಳ್ಳೋಕೆ ಆದೇಶ ಮಾಡ್ತು, ಅದ್ರಲ್ಲಿ 2022ರ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆ ಗಲಾಟೆ ಕೇಸೂ ಇತ್ತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶಾನೇ ರದ್ದು ಮಾಡ್ತು. ಅದಕ್ಕೆ ಮುಂಚೆ 2020ರ ಆಗಸ್ಟಲ್ಲಿ ಬಿಜೆಪಿ ಸರ್ಕಾರ ಇದ್ದಾಗ 61 ಕೇಸ್ ವಾಪಸ್ ಅಂತ ಆದೇಶ ಆಗಿತ್ತು, ಅದ್ರಲ್ಲಿ ಅವ್ರದೇ ಮಂತ್ರಿಗಳ ಮೇಲಿನ ಕೇಸ್ ಇದ್ವು, ಆಗಿನ ಕಾನೂನು ಮಂತ್ರಿ ಮಾಧುಸ್ವಾಮಿ ಹೆಸರೂ ಪಟ್ಟೀಲಿದೆ ಅಂತ ಎಲ್ಲಾ ಪೇಪರಲ್ಲಿ ಬಂದಿತ್ತು. ಅದನ್ನೂ ಡಿಸೆಂಬರಲ್ಲಿ ಹೈಕೋರ್ಟೇ ತಡೀತು.

ನನ್ನ ಪ್ರಶ್ನೆ ಇಷ್ಟೇ. ಕೇಸ್ ಇರೋನೇ ಮಂತ್ರಿ, ಆ ಕೇಸ್ ಬಿಡೋ ತೀರ್ಮಾನ ಮಾಡೋ ಕ್ಯಾಬಿನೆಟ್ಟಲ್ಲೂ ಅವನೇ ಕೂತಿರ್ತಾನೆ. ಪೊಲೀಸರು, ಸರ್ಕಾರಿ ವಕೀಲರು, ಕಾನೂನು ಇಲಾಖೆ ಎಲ್ಲಾ ಅವ್ರ ಕೈಕೆಳಗೆ. ಜನ ಕೊಟ್ಟ ಅಧಿಕಾರ ತಾನೇ ಇದು? ಇದನ್ನ ಸ್ವಂತಕ್ಕೆ ಬಳಸಿದ್ರೆ ಲಂಚ ತಗೊಂಡಿದ್ದಕ್ಕಿಂತ ಹೇಗೆ ಕಮ್ಮಿ ಆಗುತ್ತೆ, ಯಾರಾದ್ರೂ ಹೇಳಿ.

ನಾಪೋಕ್ಲು ಹುಡುಗ:
ಕರೆಕ್ಟ್ ಅಣ್ಣ. ಆದ್ರೆ ಎರಡೂ ಒಂದೇ ತಕ್ಕಡೀಲಿ ಹಾಕ್ಬೇಡಿ. ಠಾಣೆಗೆ ಕಲ್ಲು ಹೊಡೆದ ಕೇಸೇ ಬೇರೆ, ಪ್ರತಿಭಟನೇಲಿ ಘೋಷಣೆ ಕೂಗಿದ ಕೇಸೇ ಬೇರೆ. 2015ರಲ್ಲಿ ಇದೇ ಸಿದ್ದರಾಮಯ್ಯ ಸರ್ಕಾರ ಪಿಎಫ್ಐ, ಕೆಎಫ್‌ಡಿ ಸಂಘಟನೆಯವರ ಮೇಲಿದ್ದ ಕೇಸ್ ಸಾರಾಸಗಟಾಗಿ ಬಿಡ್ತು, ಅದನ್ನ ಯಾಕೆ ಬರೀಲಿಲ್ಲ ನೀವು? ಅದೇ ವರ್ಷ ನವೆಂಬರಲ್ಲಿ ಮಡಿಕೇರೀಲಿ ಟಿಪ್ಪು ಜಯಂತಿ ಗಲಾಟೇಲಿ ಏನಾಯ್ತು ಅಂತ ನಮಗೆಲ್ಲಾ ಗೊತ್ತಿದೆ.

ಪಾಲಿಬೆಟ್ಟ ರೈಟರ್:
ಬರೀಬಾರ್ದು ಅಂತ ಅಲ್ಲ ತಮ್ಮ, ಅದೂ ತಪ್ಪೇ. ಆದ್ರೆ ಅದು ಓಟಿಗೋಸ್ಕರ ಮಾಡಿದ್ದು ಅಂತ ಬೇಕಾದ್ರೆ ಬೈಯಿ, ನಾನು ಇಲ್ಲಿ ಕೇಳ್ತಿರೋದು ತನ್ನ ಸ್ವಂತ ಕೇಸ್ ತಾನೇ ಮುಚ್ಚಿಕೊಳ್ಳೋದರ ಬಗ್ಗೆ. ಎರಡೂ ಸೇರಿಸಿದ್ರೆ ಚರ್ಚೆ ನೇರ ಟಿಪ್ಪು ಜಯಂತಿಗೆ ಹೋಗಿ ನಿಲ್ಲುತ್ತೆ, ಆಮೇಲೆ ವಾಪಸ್ ಬರಲ್ಲ.

ಕಾವೇರಿ ತೀರ:
ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರಾಗ್ಬೇಡಿ. ವಿರೋಧ ಪಕ್ಷದಲ್ಲಿದ್ದಾಗ ಹಾಕಿಸಿಕೊಂಡ ಕೇಸೆಲ್ಲಾ ನಿಜವಾದ ಕ್ರೈಮ್ ಅಲ್ಲ. ಆಡಳಿತದಲ್ಲಿರೋರು ಬೇಕಂತಲೇ ಜಡಿದಿರ್ತಾರೆ. ಡಿ.ಕೆ. ಶಿವಕುಮಾರ್ ಅಕ್ರಮ ಆಸ್ತಿ ಕೇಸೇ ನೋಡಿ. 2019ರ ಸೆಪ್ಟೆಂಬರಲ್ಲಿ ಯಡಿಯೂರಪ್ಪ ಸರ್ಕಾರ ಸಿಬಿಐಗೆ ಅನುಮತಿ ಕೊಡ್ತು, ಯಾವ ಆತುರದಲ್ಲಿ ಕೊಟ್ರು ಅಂತ ಎಲ್ರಿಗೂ ಗೊತ್ತು. ದ್ವೇಷದಿಂದ ಹಾಕಿದ ಕೇಸನ್ನ ಅಧಿಕಾರಕ್ಕೆ ಬಂದ ಮೇಲೆ ತೆಗೀಬಾರ್ದು ಅಂದ್ರೆ ಸಾಯೋವರೆಗೂ ಕೋರ್ಟ್ ಅಲೀಬೇಕಾ? ಅಧಿಕಾರ ದುರುಪಯೋಗ ಅಂತ ಬೈಯೋದಾದ್ರೆ ಮೊದಲು ಕೇಸ್ ಹಾಕಿಸಿದೋನ್ನ ಬೈಬೇಕು. ಅದೂ ಸರ್ಕಾರದ ಕಾನೂನು ಬಲಾನ ಸ್ವಂತ ಲಾಭಕ್ಕೆ ಬಳಸಿದ್ದೇ ತಾನೇ?

ಶನಿವಾರಸಂತೆ ಮೇಷ್ಟ್ರು:
ಕೊನೇ ಸಾಲು ಸರಿಯಾಗಿದೆ. ಎದುರಾಳಿ ಮೇಲೆ ಕೇಸ್ ಹಾಕಿಸೋದು, ತನ್ನ ಮೇಲಿರೋದನ್ನ ತೆಗೆಸೋದು, ಎರಡೂ ನಡೆಯೋದು ಅದೇ ಇಲಾಖೆಗಳ ಮೂಲಕವೇ. ಆದ್ರೆ ಮೊದಲನೇದು ತಪ್ಪು ಅನ್ನೋ ಕಾರಣಕ್ಕೆ ಎರಡನೇದು ಸರಿ ಆಗಲ್ಲ. ಸುಳ್ಳು ಕೇಸ್ ಆದ್ರೆ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸ್ಕೊಳ್ಳೋ ದಾರಿ ಎಲ್ರಿಗೂ ಇದೆ, ಮಂತ್ರಿಗೂ ಇದೆ. ಆ ದಾರಿ ಬಿಟ್ಟು ಕ್ಯಾಬಿನೆಟ್ ದಾರಿ ಹಿಡಿದ್ರೆ ಅನುಮಾನ ಬಂದೇ ಬರುತ್ತೆ.

ಶಿವಕುಮಾರ್ ವಿಷಯ: 2023ರ ನವೆಂಬರಲ್ಲಿ ಸಿದ್ದರಾಮಯ್ಯ ಕ್ಯಾಬಿನೆಟ್ ಆ ಅನುಮತೀನ ವಾಪಸ್ ತಗೊಂಡ್ತು, ಆಮೇಲೆ ಕೇಸ್ ಲೋಕಾಯುಕ್ತಕ್ಕೆ ಕೊಡ್ತು. ಅದೇ ಸರ್ಕಾರದಲ್ಲಿ ಅವರು ಉಪಮುಖ್ಯಮಂತ್ರಿ. ಅವರು ತಪ್ಪೇ ಮಾಡಿಲ್ಲ ಅಂತ ಇಟ್ಕೊಳ್ಳಿ, ಆದ್ರೂ ತೀರ್ಮಾನ ಮಾಡಬೇಕಾದೋರು ಅವರ ಜೊತೆ ಒಂದೇ ಮೇಜಲ್ಲಿ ಕೂರೋರು ಆಗಬಾರ್ದಿತ್ತು. ಸಿಬಿಐ ಮತ್ತು ಆಗ ಬಿಜೆಪಿ ಶಾಸಕರಾಗಿದ್ದ ಯತ್ನಾಳ್ ಇಬ್ರೂ ಹೈಕೋರ್ಟಿಗೆ ಹೋದ್ರು, 2024ರ ಆಗಸ್ಟಲ್ಲಿ ಕೋರ್ಟು ಇದು ಇಲ್ಲಿ ವಿಚಾರಣೆ ಮಾಡೋ ವಿಷಯ ಅಲ್ಲ, ಸುಪ್ರೀಂ ಕೋರ್ಟಿಗೆ ಹೋಗಿ ಅಂದ್ಬಿಡ್ತು.

ವಿರಾಜಪೇಟೆ ವಕೀಲೆ:
ಕಾನೂನು ಹೇಗಿದೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಸರ್ಕಾರ ಆದೇಶ ಮಾಡಿದ ತಕ್ಷಣ ಕೇಸ್ ಮುಗೀತು ಅಂತ ಜನ ಅಂದ್ಕೊಂಡಿದ್ದಾರೆ. ಹಾಗಿಲ್ಲ. ಕ್ರಿಮಿನಲ್ ಕೇಸ್ ಹೇಗೆ ನಡೀಬೇಕು ಅನ್ನೋ ಕಾಯ್ದೆಯಲ್ಲಿ ಇದಿದೆ, ಹಳೇ ಸಿಆರ್‌ಪಿಸಿ ಕಲಂ 321, ಈಗ ಬಿಎನ್‌ಎಸ್‌ಎಸ್ ಕಲಂ 360. ಅರ್ಜಿ ಹಾಕಬೇಕಾದ್ದು ಆ ಕೇಸ್ ನಡೆಸ್ತಿರೋ ಸರ್ಕಾರಿ ವಕೀಲರು, ಅವರು ಫೈಲ್ ಓದಿ ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಬೇಕು, ಅದಕ್ಕೆ ಕೋರ್ಟ್ ಒಪ್ಪಿಗೆ ಕೊಡಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಲ್ಲಿ ಒಂದು ಒಳ್ಳೇ ಬದಲಾವಣೆ ಆಗಿದೆ, ನೊಂದವರ ಮಾತು ಕೇಳದೆ ಕೋರ್ಟ್ ವಾಪಸಾತಿಗೆ ಬಿಡೋ ಹಾಗಿಲ್ಲ. ಇದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇನ್ನೊಂದು, ಇದು ಮುಖ್ಯ. 2021ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್ ಹೇಳಿದೆ, ಹಾಲಿ ಅಥವಾ ಮಾಜಿ ಶಾಸಕ, ಸಂಸದರ ಮೇಲಿನ ಯಾವ ಕೇಸೂ ಹೈಕೋರ್ಟ್ ಅನುಮತಿ ಇಲ್ಲದೆ ವಾಪಸ್ ತಗೊಳ್ಳೋ ಹಾಗಿಲ್ಲ ಅಂತ. ಅಲ್ಲಿವರೆಗೆ ರಾಜ್ಯ ರಾಜ್ಯಗಳಲ್ಲೂ ನಡೀತಾ ಇದ್ದದ್ದು ಇದೇ. ಉತ್ತರ ಪ್ರದೇಶದಲ್ಲಿ 2017ರಲ್ಲಿ ಯೋಗಿ ಆದಿತ್ಯನಾಥ್ ಮುಖ್ಯಮಂತ್ರಿ ಆದ ವರ್ಷವೇ ಅವರ ಮೇಲಿದ್ದ 1995ರ ನಿಷೇಧಾಜ್ಞೆ ಉಲ್ಲಂಘನೆ ಕೇಸ್ ವಾಪಸ್ ತಗೊಳ್ಳೋಕೆ ಅವರದೇ ಸರ್ಕಾರ ಆದೇಶ ಹೊರಡಿಸ್ತು. ಕೇಸ್ ಸಣ್ಣದಿರಬಹುದು. ಆದೇಶ ಹೊರಟಿದ್ದು ಯಾರ ಸರ್ಕಾರದಿಂದ ಅನ್ನೋದು ಸಣ್ಣದಲ್ಲ.

ಕುಶಾಲನಗರ ಟ್ಯಾಕ್ಸಿ:
ಮೇಡಂ ಒಂದು ಡೌಟು, ಸರ್ಕಾರಿ ವಕೀಲರು ಸ್ವಂತ ಬುದ್ಧಿಯಿಂದ ಅಂತೀರಿ, ಅವರನ್ನ ಆ ಜಾಗಕ್ಕೆ ಹಾಕಿರೋದೇ ಸರ್ಕಾರ, ಮೇಲಿಂದ ಆದೇಶ ಬಂದ ಮೇಲೆ ನಾನು ಅರ್ಜಿ ಹಾಕಲ್ಲ ಅಂತ ಯಾರ್ ಹೇಳ್ತಾರೆ, ಟ್ರಾನ್ಸ್‌ಫರ್ ಆಗಿ ಬೀದರಿಗೋ ರಾಯಚೂರಿಗೋ ಹೋಗ್ಬೇಕಾಗುತ್ತೆ, ಅವರಿಗೂ ಹೆಂಡ್ತಿ ಮಕ್ಕಳು ಇದ್ದಾರಲ್ಲ.

ವಿರಾಜಪೇಟೆ ವಕೀಲೆ:
ಅಲ್ಲೇ ಇರೋದು ಸಮಸ್ಯೆ. ಕಾಗದದಲ್ಲಿ ಸ್ವಾತಂತ್ರ್ಯ ಇದೆ. ಆದೇಶ ಕೈಗೆ ಬಂದ ಮೇಲೆ ಎದೆ ಕೊಟ್ಟು ನಿಲ್ಲೋರು ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಪಕ್ಕದ ಕೇರಳದ್ದು ನೋಡಿ, ನಮಗೆ ಕಣ್ಣೂರು, ವಯನಾಡ್ ಎರಡೂ ಗಡಿ, ಆವತ್ತು ಟಿವೀಲಿ ನೀವೆಲ್ಲಾ ನೋಡಿರ್ತೀರಿ. 2015ರ ಮಾರ್ಚ್ 13, ಆಗಿನ ಹಣಕಾಸು ಮಂತ್ರಿ ಕೆ.ಎಂ. ಮಾಣಿ ಬಜೆಟ್ ಓದೋದನ್ನ ತಡೆಯೋಕೆ ವಿರೋಧ ಪಕ್ಷದ ಎಡರಂಗದ ಶಾಸಕರು ವಿಧಾನಸಭೆ ಒಳಗೇ ಗಲಾಟೆ ಮಾಡಿದ್ರು, ಸ್ಪೀಕರ್ ಕುರ್ಚಿಯನ್ನೇ ಎತ್ತಿ ಕೆಳಗೆ ಹಾಕಿದ್ರು, ಮೈಕು ಕಂಪ್ಯೂಟರು ಒಡೆದ್ರು, 2 ಲಕ್ಷ 20 ಸಾವಿರ ರೂಪಾಯಿ ನಷ್ಟ ಅಂತ ಕೇಸಾಯ್ತು. 2016ರಲ್ಲಿ ಅವರದೇ ಸರ್ಕಾರ ಬಂತು. 2018ರಲ್ಲಿ ಸರ್ಕಾರಿ ವಕೀಲರು ವಾಪಸಾತಿ ಅರ್ಜಿ ಹಾಕಿದ್ರು. ತಿರುವನಂತಪುರದ ಮ್ಯಾಜಿಸ್ಟ್ರೇಟ್ ಆಗಲ್ಲ ಅಂದ್ರು, ಹೈಕೋರ್ಟ್ ಆಗಲ್ಲ ಅಂತು, 2021ರ ಜುಲೈ 28ಕ್ಕೆ ಸುಪ್ರೀಂ ಕೋರ್ಟೂ ಆಗಲ್ಲ ಅಂತು. ಶಾಸಕರ ವಿಶೇಷ ಹಕ್ಕು ಇರೋದು ಸದನದ ಕೆಲಸ ಸರಿಯಾಗಿ ಮಾಡೋಕೆ, ಸಾರ್ವಜನಿಕ ಆಸ್ತಿ ಒಡೆದು ಕೇಸಿಂದ ತಪ್ಪಿಸ್ಕೊಳ್ಳೋಕಲ್ಲ ಅನ್ನೋದು ಆ ತೀರ್ಪಿನ ಸಾರ. ಆರೋಪಿಗಳಲ್ಲಿ ಒಬ್ಬರು ವಿ. ಶಿವನ್‌ಕುಟ್ಟಿ, ಆ ಹೊತ್ತಿಗೆ ಅವರು ಕೇರಳದ ಶಿಕ್ಷಣ ಮಂತ್ರಿ.

ನನಗೆ ಇದ್ರಲ್ಲಿ ಖುಷಿ ಕೊಡೋದು ಸುಪ್ರೀಂ ಕೋರ್ಟ್ ತೀರ್ಪಿಗಿಂತ ಮೊದಲು ಬೇಡ ಅಂದ ಆ ಮ್ಯಾಜಿಸ್ಟ್ರೇಟ್. ಶುರುವಲ್ಲೇ ಒಬ್ರು ಸಹಿ ಹಾಕಲ್ಲ ಅಂದ್ರೆ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ.

ಕಾವೇರಿ ತೀರ:
ಹಾಗಾದ್ರೆ ಕೋರ್ಟ್ ಇದೆಯಲ್ಲ, ವ್ಯವಸ್ಥೆ ಕೆಲಸ ಮಾಡ್ತಿದೆಯಲ್ಲ, ಮತ್ಯಾಕೆ ಇಷ್ಟು ಗಾಬರಿ? 43 ಕೇಸ್ ವಾಪಸಾತಿ ಆದೇಶಾನೂ ರದ್ದಾಯ್ತು, 61ರದ್ದಕ್ಕೂ ತಡೆ ಬಿತ್ತು.

ಶನಿವಾರಸಂತೆ ಮೇಷ್ಟ್ರು:
ಎಲ್ಲಾ ಸಲ ಹಾಗೆ ಆಗಿಲ್ಲ. ಬಿಹಾರದ ಜಗನ್ನಾಥ ಮಿಶ್ರಾ ಕೇಸ್ ಓದಿ. ಪಟ್ನಾದ ಒಂದು ಸಹಕಾರಿ ಬ್ಯಾಂಕಿನ ಹಗರಣದಲ್ಲಿ ಅವರ ಮೇಲೆ ಕೇಸಿತ್ತು, 1980ರಲ್ಲಿ ಮತ್ತೆ ಮುಖ್ಯಮಂತ್ರಿ ಆದ್ರು, 1981ರಲ್ಲಿ ಅವರದೇ ಸರ್ಕಾರ ಕೇಸ್ ವಾಪಸ್ ತಗೊಳ್ಳೋ ತೀರ್ಮಾನ ಮಾಡ್ತು. ಶಿವನಂದನ ಪಾಸ್ವಾನ್ ಅನ್ನೋ ಶಾಸಕರು ಸುಪ್ರೀಂ ಕೋರ್ಟ್ ತನಕ ಹೋದ್ರು, ಕೊನೆಗೆ ಐವರ ಪೀಠ 3-2ರಲ್ಲಿ ವಾಪಸಾತಿ ಸರಿ ಅಂತು. ಮುಖ್ಯ ನ್ಯಾಯಮೂರ್ತಿ ಭಗವತಿ ಒಪ್ಪದೆ ಭಿನ್ನ ತೀರ್ಪು ಬರೆದ್ರು. ಒಂದೇ ಒಂದು ಓಟು ಈ ಕಡೆ ಬಿದ್ದಿದ್ರೆ ದೇಶದ ಕಾನೂನೇ ಬೇರೆ ಥರ ಇರ್ತಿತ್ತು.

ಇನ್ನೂ ಹಿಂದಕ್ಕೆ ಹೋಗಿ. 1975ರ ಜೂನ್ 12, ಅಲಹಾಬಾದ್ ಹೈಕೋರ್ಟಲ್ಲಿ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಇಂದಿರಾ ಗಾಂಧಿ ಆಯ್ಕೆ ರದ್ದು ಮಾಡಿದ್ರು. ಅದಾಗಿ ಎರಡು ವಾರದೊಳಗೆ ತುರ್ತು ಪರಿಸ್ಥಿತಿ ಬಂತು. ಅದನ್ನ ಎಲ್ರೂ ಹೇಳ್ತಾರೆ, ನಾನು ಹೇಳ್ತಿರೋದು ಆಮೇಲಿನದು. ಆಗಸ್ಟಲ್ಲಿ ಚುನಾವಣಾ ಕಾಯ್ದೆಯನ್ನೇ ಹಿಂದಿನ ದಿನಾಂಕಕ್ಕೂ ಅನ್ವಯ ಆಗೋ ಹಾಗೆ ತಿದ್ದಿದ್ರು, ಅಂದ್ರೆ ಯಾವುದನ್ನ ಕೋರ್ಟ್ ತಪ್ಪು ಅಂದಿತ್ತೋ ಅದು ತಪ್ಪೇ ಅಲ್ಲ ಅನ್ನೋ ಹಾಗೆ. ಅದೂ ಸಾಲದು ಅಂತ 39ನೇ ತಿದ್ದುಪಡಿ ತಂದು ಪ್ರಧಾನಿ ಆಯ್ಕೇನ ಕೋರ್ಟ್ ಪ್ರಶ್ನೆ ಮಾಡೋ ಹಾಗೇ ಇಲ್ಲ ಅಂತ ಸಂವಿಧಾನದಲ್ಲೇ ಬರೆದ್ರು. ಸುಪ್ರೀಂ ಕೋರ್ಟಲ್ಲಿ ಅವರ ಮೇಲ್ಮನವಿ ವಿಚಾರಣೆಗೆ ಬರೋ ಹಿಂದಿನ ದಿನ ತರಾತುರೀಲಿ ಮುಗಿಸಿದ ಕೆಲಸ ಅದು. ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್ ಆ ಕಲಮನ್ನ ಹೊಡೆದು ಹಾಕ್ತು, ಆದ್ರೆ ತಿದ್ದಿದ ಚುನಾವಣಾ ಕಾಯ್ದೆ ಉಳೀತು, ಅದರ ಮೇಲೇ ಅವರು ಗೆದ್ರು. ಅಂದ್ರೆ ತಡೆಯೂ ಬಿತ್ತು, ಕೆಲಸವೂ ಆಯ್ತು. ಪ್ರಧಾನಿಯಾದವರ ಮೇಲೆ ಜೀವಮಾನ ಪೂರ್ತಿ ಕ್ರಿಮಿನಲ್ ಕೇಸೇ ಹಾಕಬಾರ್ದು ಅನ್ನೋ ಇನ್ನೊಂದು ಮಸೂದೆ ರಾಜ್ಯಸಭೆಯಲ್ಲಿ ಪಾಸೂ ಆಗಿತ್ತು, ಲೋಕಸಭೆಗೆ ಬರದೆ ನಿಂತುಹೋಯ್ತು. ಕೋರ್ಟ್ ಇದೆ ಅಂತ ನಾವು ನೆಮ್ಮದಿಯಾಗಿ ಮಲಗೋ ಹಾಗಿಲ್ಲ ಅನ್ನೋದು ಇದಕ್ಕೇ.

ನಾಪೋಕ್ಲು ಹುಡುಗ:
ಸೂಪರ್ ಮೇಷ್ಟ್ರೆ, ಇದನ್ನೇ ಹೇಳ್ತಿದ್ದೆ ನಾನು, ಶುರು ಮಾಡಿದ್ದೇ ಕಾಂಗ್ರೆಸ್.

ಶನಿವಾರಸಂತೆ ಮೇಷ್ಟ್ರು:
ಇಲ್ಲಪ್ಪ, ನೀನು ನನ್ನ ಮಾತನ್ನ ನಿನಗೆ ಬೇಕಾದ ಕಡೆ ಎಳೀಬೇಡ. 2020ರ 61 ಕೇಸಿನ ವಿಷಯದಲ್ಲಿ ಪೊಲೀಸ್ ಇಲಾಖೆ ಬೇಡ ಅಂದಿತ್ತು, ಸರ್ಕಾರಿ ವಕೀಲರ ಅಭಿಯೋಜನೆ ಇಲಾಖೆ ಬೇಡ ಅಂದಿತ್ತು, ಕಾನೂನು ಇಲಾಖೆಯೂ ಬೇಡ ಅಂದಿತ್ತು ಅಂತ ಆಗ ಪತ್ರಿಕೆಗಳು ಬರೆದಿವೆ. ಎಲ್ಲಾ ಅಭಿಪ್ರಾಯ ಪಕ್ಕಕ್ಕಿಟ್ಟು ಆದೇಶ ಆಯ್ತು. ನಿನ್ನ ಪಕ್ಷದವರು ಮಾಡಿದ್ದು ಇಂದಿರಾ ಗಾಂಧಿ ಮಾಡಿದ ಅಳತೆಯದ್ದಲ್ಲ, ಸರಿ, ಆದ್ರೆ ಜಾತಿ ಅದೇ.

ಪಾಲಿಬೆಟ್ಟ ರೈಟರ್:
ಎಸಿಬಿ, ಅಂದ್ರೆ ಭ್ರಷ್ಟಾಚಾರ ನಿಗ್ರಹ ದಳದ ವಿಷಯ ಯಾರೂ ಎತ್ತಲಿಲ್ಲ. 2016ರ ಮಾರ್ಚಲ್ಲಿ ಸಿದ್ದರಾಮಯ್ಯನವರ ಮೊದಲ ಸರ್ಕಾರ ಲೋಕಾಯುಕ್ತ ಪೊಲೀಸರ ಕೈಯಿಂದ ಭ್ರಷ್ಟಾಚಾರದ ತನಿಖೆ ಕಿತ್ಕೊಂಡು ಎಸಿಬಿ ಮಾಡ್ತು, ಅದು ನೇರವಾಗಿ ಮುಖ್ಯಮಂತ್ರಿ ಕೆಳಗೆ ಬರೋ ಸಂಸ್ಥೆ. ಮುಖ್ಯಮಂತ್ರಿ ಮೇಲೆ ದೂರು ಬಂದ್ರೆ ಯಾರು ಯಾರನ್ನ ವಿಚಾರಣೆ ಮಾಡ್ಬೇಕು? ಬಿಜೆಪಿಯವ್ರು ನಾವು ಬಂದ್ರೆ ಮುಚ್ತೀವಿ ಅಂದ್ರು, 2019ರಲ್ಲಿ ಬಂದ್ರು, ಮೂರು ವರ್ಷ ಮುಟ್ಟಲಿಲ್ಲ, ಯಾಕಂದ್ರೆ ಆಗ ಅದು ಅವ್ರ ಕೈಲಿತ್ತು. ಎಸಿಬಿ ಬಗ್ಗೆ ಖಾರವಾಗಿ ಮಾತಾಡಿದ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ ತಮಗೆ ವರ್ಗಾವಣೆ ಬೆದರಿಕೆ ಬಂದಿದೆ ಅಂತ ಕೋರ್ಟಲ್ಲೇ ಹೇಳ್ಬೇಕಾಯ್ತು. 2022ರ ಆಗಸ್ಟ್ 11ಕ್ಕೆ ಹೈಕೋರ್ಟೇ ಎಸಿಬಿ ರದ್ದು ಮಾಡ್ತು. ನಂಗೆ ಹೊಟ್ಟೆ ಉರಿಯೋದು ಇದಕ್ಕೆ. ಎರಡೂ ಪಾರ್ಟಿ ಬೇರೆ ಎಲ್ಲಾ ವಿಷಯದಲ್ಲೂ ಕಿತ್ತಾಡ್ತವೆ, ಇದೊಂದ್ರಲ್ಲಿ ಮಾತ್ರ ಒಬ್ರು ಕಟ್ಟಿದ್ದನ್ನ ಇನ್ನೊಬ್ರು ಜೋಪಾನವಾಗಿ ಇಟ್ಕೋತಾರೆ.

ಬೆಂಗಳೂರಲ್ಲಿರೋ ಮೂರ್ನಾಡಿನವಳು:
ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ 2024ರ ಡಿಸೆಂಬರ್ 1ಕ್ಕೆ ಬೈಡನ್ ತಮ್ಮ ಮಗನಿಗೇ ಕ್ಷಮಾದಾನ ಕೊಟ್ರು, ಮುಂಚೆ ಕೊಡಲ್ಲ ಅಂತ ಎಲ್ರೆದುರು ಹೇಳಿದ್ದವರು. ಟ್ರಂಪ್ 2025ರ ಜನವರಿ 20ಕ್ಕೆ ಅಧಿಕಾರ ವಹಿಸಿಕೊಂಡ ದಿನವೇ ಸಂಸತ್ ಭವನಕ್ಕೆ ನುಗ್ಗಿದ ಕೇಸಿನ ಸುಮಾರು 1500 ಜನಕ್ಕೆ ಕ್ಷಮಾದಾನ ಕೊಟ್ರು. ಆ ಸೆಪ್ಟೆಂಬರಲ್ಲಿ ತಮಗಾಗದವರ ಮೇಲೆ ಕೇಸ್ ಹಾಕಿ ಅಂತ ಅಟಾರ್ನಿ ಜನರಲ್ ಹೆಸರು ಹಿಡಿದು ಬಹಿರಂಗವಾಗೇ ಬರೆದ್ರು, ಕೆಲವೇ ದಿನಕ್ಕೆ ಎಫ್‌ಬಿಐ ಮಾಜಿ ಮುಖ್ಯಸ್ಥ ಜೇಮ್ಸ್ ಕೋಮಿ ಮೇಲೆ ಆರೋಪ ದಾಖಲಾಯ್ತು. ನವೆಂಬರಲ್ಲಿ ಕೋರ್ಟ್ ಅದನ್ನ ವಜಾ ಮಾಡ್ತು, ಕೇಸ್ ಹಾಕಿದ ಸರ್ಕಾರಿ ವಕೀಲರ ನೇಮಕವೇ ಕಾನೂನುಬದ್ಧ ಅಲ್ಲ ಅಂತ. ಅಲ್ಲಿ ಅಧ್ಯಕ್ಷರ ಕ್ಷಮಾದಾನವನ್ನ ಕೋರ್ಟ್ ತಡೆಯೋ ದಾರಿ ಇಲ್ಲದಷ್ಟು ಗಟ್ಟಿ. ಆ ಲೆಕ್ಕಕ್ಕೆ ನಮ್ಮಲ್ಲಿ ಕೇಸ್ ವಾಪಸಿಗೆ ಜಡ್ಜ್ ಒಪ್ಪಿಗೆ ಬೇಕು ಅನ್ನೋದು ದೊಡ್ಡ ಆಸ್ತಿ, ಅದನ್ನ ಉಳಿಸ್ಕೋಬೇಕು.

ಕಾವೇರಿ ತೀರ:
ರೈಟರ್ ಅಣ್ಣ, ನಿಮಗೆ ಇದು ಇಷ್ಟು ಯಾಕೆ ತಟ್ಟಿದೆ ಅಂತ ಗೊತ್ತಾಗ್ತಿಲ್ಲ. ಮಂತ್ರಿ ಮೇಲಿನ ಕೇಸ್ ಹೋದ್ರೆ ನಮ್ಮ ತೋಟಕ್ಕೇನು ನಷ್ಟ?

ಪಾಲಿಬೆಟ್ಟ ರೈಟರ್:
ಹೇಳ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಕಡೆ ತೋಟದಲ್ಲಿ ಕೆಲಸಕ್ಕೆ ಹೋಗ್ತಿದ್ದ ಒಬ್ರನ್ನ ಆನೆ ತುಳಿದು ಸಾಯಿಸ್ತು, ಲೈನ್ ಮನೇಲಿದ್ದೋರು, ಬೆಳಗ್ಗೆ ಹಾಜರಿಯ ಚೆಕ್‌ರೋಲಲ್ಲಿ ನಾನೇ ಹೆಸರು ಬರ್ಕೊಂಡಿದ್ದೆ. ಜನ ರೊಚ್ಚಿಗೆದ್ದು ಶವ ರಸ್ತೇಲಿಟ್ಟು ಕೂತ್ರು, ಅರಣ್ಯ ಇಲಾಖೆಯ ದೊಡ್ಡ ಆಫೀಸರು ಬರೋವರೆಗೂ ಎದ್ದೇಳಲ್ಲ ಅಂತ. ಒಬ್ಬ ನಾಯಕರು ಬಂದು ಮುಂದೆ ಕೂತ್ರು, ಮೈಕ್ ಹಿಡಿದ್ರು, ಯಾವ ಪಾರ್ಟಿ ಅಂತ ನಾನು ಹೇಳಲ್ಲ. ಸಂಜೆ ಭರವಸೆ ಸಿಕ್ತು, ಎದ್ವಿ. ಆಮೇಲೆ ನೋಡಿದ್ರೆ ಎಫ್‌ಐಆರ್, ಅಕ್ರಮ ಕೂಟ, ರಸ್ತೆ ತಡೆ, ಅದು ಇದು ಅಂತ. ಅವ್ರದ್ದೂ ಹೆಸರಿತ್ತು, ನಂದೂ ಇತ್ತು, ತೀರಿಹೋದವರ ಅಣ್ಣನ ಮಗನದ್ದೂ ಇತ್ತು.

ಸರ್ಕಾರ ಬದಲಾಯ್ತು. ಅವರ ಬೇರೆ ಬೇರೆ ಹೋರಾಟದ ಕೇಸೆಲ್ಲಾ ತೆಗೆಯೋಕೆ ಪಟ್ಟಿ ಹೋಯ್ತು ಅಂತ ಅವರ ಕಡೆಯವರೇ ಹೇಳಿದ್ರು. ನಮ್ಮದೂ ಸೇರಿಸಿ ಅಂತ ನಾವು ಕೈಮುಗಿದು ಕೇಳಿದ್ವಿ, ನೋಡೋಣ ಅಂದ್ರು. ನಾವಿನ್ನೂ ವಾಯಿದೆಗೆ ಹೋಗ್ತಿದ್ದೀವಿ. ಕಾಫಿ ಕುಯ್ಲು ಟೈಮಲ್ಲಿ ವಾಯಿದೆ ಬಿದ್ರೆ ಕಣದಲ್ಲಿ ಹರವಿದ ಕಾಫಿ ಬೇರೆಯವರಿಗೆ ಒಪ್ಪಿಸಿ ಬೆಳಗಿನ ಬಸ್ ಹತ್ಬೇಕು, ಅಲ್ಲಿ ಮಧ್ಯಾಹ್ನದವರೆಗೂ ಕೂತು ಹೆಸರು ಕರೆದಾಗ ಕೈಕಟ್ಟಿ ನಿಂತು ಮುಂದಿನ ತಾರೀಕು ಬರ್ಕೊಂಡು ವಾಪಸ್. ಒಂದ್ಸಲ ಆ ಹುಡುಗ ಜ್ವರ ಬಂದು ಹೋಗ್ಲಿಲ್ಲ, ವಾರಂಟ್ ಆಯ್ತು. ನಷ್ಟ ಏನು ಅಂದ್ರಲ್ಲ, ಇದೇ. ಒಂದೇ ಕಾನೂನು, ಒಂದೇ ರಸ್ತೆ, ಒಂದೇ ದಿನ.

ಕಾವೇರಿ ತೀರ:
ಓದಿ ಬೇಜಾರಾಯ್ತು ಅಣ್ಣ. ಆದ್ರೆ ನೋಡಿ, ನಿಮ್ಮ ಕಥೆಯಿಂದಲೇ ನನ್ನ ಮಾತಿಗೂ ಬಲ ಬರುತ್ತೆ. ಇಂಥ ಕೇಸ್ ವಾಪಸ್ ತಗೊಳ್ಳೋಕೆ ಸರ್ಕಾರಕ್ಕೆ ಅಧಿಕಾರ ಇರ್ಲೇಬೇಕು. ಎಲ್ಲಾ ಕಿತ್ತು ಹಾಕಿದ್ರೆ ರೈತರು, ಆದಿವಾಸಿಗಳು, ಕನ್ನಡ ಹೋರಾಟಗಾರರು ಎಲ್ಲಿಗೆ ಹೋಗ್ಬೇಕು?

ಪಾಲಿಬೆಟ್ಟ ರೈಟರ್:
ಕಿತ್ತು ಹಾಕಿ ಅಂತ ನಾನೆಲ್ಲೂ ಬರ್ದಿಲ್ಲ. ಅಧಿಕಾರ ಇರ್ಲಿ. ಕೇಸಲ್ಲಿ ಹೆಸರಿರೋನು ಮಾತ್ರ ಆ ಸಭೆಯಿಂದ ಎದ್ದು ಹೊರಗೆ ಹೋಗ್ಬೇಕು, ಅವನ ಕೇಸನ್ನ ಅವನ ಸರ್ಕಾರ ಮುಟ್ಟಬಾರ್ದು, ಬೇಕಿದ್ರೆ ಅವನೇ ಕೋರ್ಟಿಗೆ ಹೋಗಿ ಬಿಡಿಸ್ಕೊಳ್ಲಿ. ಊರ ಪಂಚಾಯಿತೀಲಿ ಬೇಲಿ ಜಗಳ ಬಂದ್ರೆ ಆ ಬೇಲಿಯವನನ್ನ ತೀರ್ಮಾನಕ್ಕೆ ಕೂರಿಸಲ್ಲ ಅಲ್ವಾ? ವಿಧಾನಸೌಧದಲ್ಲಿ ಮಾತ್ರ ಯಾಕೆ ಕೂರಿಸ್ತೀವಿ?

ಬೆಂಗಳೂರಲ್ಲಿರೋ ಮೂರ್ನಾಡಿನವಳು:
ಭೂಮಿ ವಿಷಯದಲ್ಲೂ ಇದೇ ಅಲ್ವಾ. ನಮ್ಮಲ್ಲಿ ಬಗರ್ ಹುಕುಂ ಅಂತ ಫಾರಂ 50, 53, 57 ಅಂತ ಅಜ್ಜನ ಕಾಲದಿಂದ ಅರ್ಜಿ ಹಾಕಿ ಕಾಯ್ತಿರೋರು ಇದ್ದಾರೆ, ಅರಣ್ಯಕ್ಕೆ ಅಂತ ಗುರುತು ಮಾಡಿರೋ ಸಿ ಆಂಡ್ ಡಿ ಜಾಗ ಅಂತ ಹೇಳಿ ಸಾಗುವಳಿ ಚೀಟಿ ಸಿಗದೆ ಒದ್ದಾಡೋರು ಇದ್ದಾರೆ. ಅಲ್ಲಿ ನೋಡಿದ್ರೆ ಡಿನೋಟಿಫಿಕೇಶನ್ ಅನ್ನೋ ಒಂದೇ ಸಹಿಯಿಂದ ಸ್ವಾಧೀನ ಆದ ಜಾಗ ವಾಪಸ್. 2011ರಲ್ಲಿ ಯಡಿಯೂರಪ್ಪ ಆ ಕೇಸಲ್ಲೇ ಜೈಲಿಗೆ ಹೋದ್ರು. ಮುಡಾದಲ್ಲಿ, ಅಂದ್ರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಸಿದ್ದರಾಮಯ್ಯನವರ ಪತ್ನಿಗೆ ಮೈಸೂರಿನ ವಿಜಯನಗರದಲ್ಲಿ 14 ಸೈಟು ಸಿಕ್ಕಿತ್ತು, ತನಿಖೆಗೆ ರಾಜ್ಯಪಾಲರು ಅನುಮತಿ ಕೊಟ್ರು, 2024ರ ಸೆಪ್ಟೆಂಬರ್ 24ಕ್ಕೆ ಹೈಕೋರ್ಟ್ ಆ ಅನುಮತಿ ಸರಿ ಅಂತು, ಅದಾಗಿ ಎರಡೇ ದಿನಕ್ಕೆ ಕ್ಯಾಬಿನೆಟ್ ಸಿಬಿಐಗೆ ಇದ್ದ ಮುಕ್ತ ಅನುಮತೀನ ವಾಪಸ್ ತಗೊಂಡ್ತು. ಸೈಟು ವಾಪಸ್ ಕೊಟ್ರು, ಆಮೇಲೆ ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಇಲ್ಲ ಅಂತ ಬಿ ರಿಪೋರ್ಟ್ ಹಾಕಿದ್ರು, ಅದನ್ನೂ ಹೇಳ್ಬೇಕು. ಆದ್ರೆ ಆ ಎರಡು ದಿನದ ಟೈಮಿಂಗ್ ಮಾತ್ರ ನನಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಕಾವೇರಿ ತೀರ:
ಸಿಬಿಐ ಮುಕ್ತ ಅನುಮತಿ ಬೇರೆ ಎಷ್ಟೋ ರಾಜ್ಯಗಳೂ ವಾಪಸ್ ತಗೊಂಡಿವೆ, ಕೇಂದ್ರದವರು ಸಿಬಿಐ, ಇ.ಡಿ. ಬಿಡೋದು ವಿರೋಧ ಪಕ್ಷದವರ ಮೇಲೆ ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು. ಮುಡಾದ ಇ.ಡಿ. ಕೇಸಲ್ಲಿ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟೇ ಇ.ಡಿ.ಗೆ ಛೀಮಾರಿ ಹಾಕಿದೆ, ರಾಜಕೀಯ ಜಗಳ ಮತದಾರರ ಮುಂದೆ ಆಡ್ಕೊಳ್ಳಿ ಅನ್ನೋ ಅರ್ಥದಲ್ಲಿ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ ಅಕ್ಕ.

ವಿರಾಜಪೇಟೆ ವಕೀಲೆ:
ತಗೊಳ್ಳೋಣ. ಎರಡೂ ಕಡೆ ಇರೋ ಸತ್ಯ ಇದು. ರೈಟರ್ ಅಣ್ಣ, ನಿಮ್ಮ ಕೇಸಿಗೆ ಬರ್ತೀನಿ. ವಾಪಸಾತಿ ಆದೇಶಗಳ ಪ್ರತಿ ಮಾಹಿತಿ ಹಕ್ಕಲ್ಲಿ ಕೇಳಿ. ಒಳಾಡಳಿತ ಇಲಾಖೆಗೆ, 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು, ಉದ್ದ ಬರೆದ್ರೆ ವಾಪಸ್ ಕಳಿಸ್ತಾರೆ. ಕೊಡಗು ಜಿಲ್ಲೆಯ ಯಾವ ಯಾವ ಕೇಸ್ ವಾಪಸಿಗೆ ಆದೇಶ ಆಗಿದೆ, ಪ್ರತಿಯೊಂದಕ್ಕೂ ಪೊಲೀಸ್ ಮತ್ತು ಕಾನೂನು ಇಲಾಖೆ ಏನು ಅಭಿಪ್ರಾಯ ಕೊಟ್ಟಿತ್ತು, ಅಷ್ಟೇ ಕೇಳಿ. ಕ್ಯಾಬಿನೆಟ್ ಟಿಪ್ಪಣಿ ಗೌಪ್ಯ ಅಂತ ಹೇಳ್ಬಹುದು, ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಕಾರಣಗಳನ್ನ ಕೊಡ್ಲೇಬೇಕು ಅಂತ ಕಾಯ್ದೆಯ ಕಲಂ 8ರಲ್ಲೇ ಇದೆ. ನಿಮ್ಮಂಥದ್ದೇ ಕೇಸ್ ಯಾವುದಾದ್ರೂ ಬಿಟ್ಟಿದ್ರೆ ಅದನ್ನಿಟ್ಕೊಂಡು ನೀವೂ ಮನವಿ ಕೊಡಬಹುದು.

ಪಾಲಿಬೆಟ್ಟ ರೈಟರ್:
ತುಂಬಾ ಥ್ಯಾಂಕ್ಸ್ ಮೇಡಂ. ಈ ವಾರವೇ ಹಾಕ್ತೀನಿ. ಉತ್ತರ ಬಂದ್ರೆ ಯಾವ ಪಾರ್ಟಿಯವರ ಹೆಸರಿದ್ರೂ ಇಲ್ಲೇ ಹಾಕ್ತೀನಿ, ನಾಪೋಕ್ಲು ಹುಡುಗನಿಗೂ ಈಗಲೇ ಹೇಳಿರ್ತೀನಿ.

ನಾಪೋಕ್ಲು ಹುಡುಗ:
ಹಾಕಿ ಅಣ್ಣ. ನಮ್ಮೋರ ಹೆಸರಿದ್ರೂ ಹಾಕಿ. ಆದ್ರೆ ಹುಬ್ಬಳ್ಳಿದನ್ನ ನಾನು ಬಿಡಲ್ಲ, ಅದು ಬೇರೆ.

ಕುಶಾಲನಗರ ಟ್ಯಾಕ್ಸಿ:
ಮೇಡಂ ನಂದೂ ಒಂದು. ನನ್ನ ಮೇಲೂ ಹಳೇ ಪ್ರತಿಭಟನೆ ಕೇಸಿದೆ, ಗಲ್ಫಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟ್ ವೆರಿಫಿಕೇಶನ್ನಲ್ಲಿ ಪೆಂಡಿಂಗ್ ಕೇಸ್ ಅಂತ ನಿಂತೋಯ್ತು. ಕೇಸ್ ಮುಗಿಯೋವರೆಗೂ ಏನೂ ಮಾಡೋಕಾಗಲ್ವಾ?

ವಿರಾಜಪೇಟೆ ವಕೀಲೆ:
ಆಗುತ್ತೆ. ಕೇಸ್ ಇದ್ರೆ ಪಾಸ್‌ಪೋರ್ಟೇ ಸಿಗಲ್ಲ ಅಂತಿಲ್ಲ. 1993ರ ಕೇಂದ್ರ ಸರ್ಕಾರದ ಅಧಿಸೂಚನೆ ಇದೆ, ಕೇಸ್ ನಡೀತಿರೋ ಕೋರ್ಟಲ್ಲೇ ವಿದೇಶಕ್ಕೆ ಹೋಗೋಕೆ ಅನುಮತಿ ಕೇಳಿ ಅರ್ಜಿ ಹಾಕಿ, ಆದೇಶ ಸಿಕ್ರೆ ಪಾಸ್‌ಪೋರ್ಟ್ ಕೊಡ್ತಾರೆ. ಎಷ್ಟು ವರ್ಷಕ್ಕೆ ಅಂತ ಆದೇಶದಲ್ಲಿ ಬರೆಸ್ಕೊಳ್ಳಿ, ಬರೆದಿಲ್ಲ ಅಂದ್ರೆ ಒಂದೇ ವರ್ಷಕ್ಕೆ ಸಿಗೋದು. ಎಫ್‌ಐಆರ್, ಚಾರ್ಜ್‌ಶೀಟ್ ಪ್ರತಿ, ಕೆಲಸದ ಪತ್ರ ಮೂರೂ ತಗೊಂಡು ನಿಮ್ಮ ವಕೀಲರ ಹತ್ರ ಹೋಗಿ, ಮುಂದಿನ ವಾಯಿದೆಗೆ ಕಾಯ್ಬೇಡಿ, ತಾರೀಕು ಅಡ್ವಾನ್ಸ್ ಮಾಡಿಸಿ, ಅಂದ್ರೆ ಮುಂಚೆಗೆ ಹಾಕಿಸ್ಕೊಂಡು, ಅರ್ಜಿ ಹಾಕಬಹುದು.